ಆರುವಾರಕೊಪ್ಪದ ಮಂಗಳವಾರ

ಹೊಸನಗರದಿಂದ ಅಲ್ಲಿಗೆ ಒಂದೇ ಬಸ್ಸು.
ಸೋಮವಾರ ರಾತ್ರಿ ಹೊರಟರೆ
ಬುಧವಾರ ಬೆಳಿಗ್ಗೆ ತಲುಪುತ್ತದೆ. ಹದಿನೆಂಟೇ ಮೈಲಿ.
ಡ್ರೈವರ್ ಎಲ್ಲೂ ನಿಲ್ಲಿಸಿರುವುದಿಲ್ಲ,
ಬುತ್ತಿಯ ಚಿತ್ರಾನ್ನ ಹಳಸಿರುವುದಿಲ್ಲ.

ನಾನು ವರ್ಗವಾಗಿ ಬಂದ ಅಂಚೆಯವನು, ಭದ್ರಾವತಿ ಕಡೆಯವನು.
ಕೀಲಿಕೈ ಕೊಡುತ್ತ ಹಳೆಯ ಪೋಸ್ಟ್‌ಮಾಸ್ಟರು ಹೇಳಿದರು:
"ತಿಜೋರಿ ಸ್ವಲ್ಪ ಬಿಗಿ. ಎಡಗಡೆ ಬೆಂಚಿನಲ್ಲಿ ತಿಗಣೆ.
ಆಮೇಲೆ, ಇಲ್ಲಿ ಮಂಗಳವಾರ ಇಲ್ಲ."
ಬಾವಿಯಲ್ಲಿ ನೀರಿಲ್ಲ ಅನ್ನುವ ಹಾಗೆ ಹೇಳಿ
ಹೆಗಲಿಗೆ ಚೀಲ ಏರಿಸಿದರು.

ಅಡವಿಟ್ಟದ್ದಂತೆ. ಕರೆಂಟು ಬಂದ ವರ್ಷ
ಮೂರು ಬೀದಿದೀಪಕ್ಕೆ ದುಡ್ಡು ಸಾಲದೆ
ಪಂಚಾಯ್ತಿಯವರು ಕವಳ ಹಾಕಿ ಕೂತು ಯೋಚಿಸಿ
"ಹೇಗೂ ಒಳ್ಳೆ ಕೆಲಸಕ್ಕೆ ಬಾರದ ದಿನ" ಎಂದು
ಅದನ್ನೇ ಬರೆದುಕೊಟ್ಟರು.
ಹೆಬ್ಬೆಟ್ಟಿನ ಕಾಗದ ಈಗಲೂ ಇದೆ, ಗೆದ್ದಲು ಅಂಚು ತಿಂದಿದೆ.
ಮೂರರಲ್ಲಿ ಎರಡು ದೀಪ ಉರಿಯುವುದಿಲ್ಲ.

ಒಂದು ದಿನ ಹೋದರೆ ಏನಾಗುತ್ತದೆ? ಏನೂ ಆಗುವುದಿಲ್ಲ.
ಹಸುವಿಗೂ ಗೊತ್ತು, ಕೆಚ್ಚಲು ಸುಮ್ಮನಿರುತ್ತದೆ.
ಶಾಲೆಯ ಮಕ್ಕಳು ಜಾಣರು,
ಗಣಿತವನ್ನೆಲ್ಲ ಮಂಗಳವಾರಕ್ಕೇ ಹಾಕಿಸಿಕೊಂಡಿದ್ದಾರೆ.
ಸೂರಪ್ಪ ಭಂಡಾರಿಗೆ ಮಾತ್ರ ರಜೆಯಿಲ್ಲ:
ಲೋಕದ ಕ್ಷೌರದಂಗಡಿಗಳೆಲ್ಲ ಬಾಗಿಲು ಹಾಕುವ ದಿನ
ಅವನ ಕ್ಯಾಲೆಂಡರಿನಲ್ಲಿ ಕತ್ತರಿಸಿದ ಚೌಕ, ಹಿಂದಿನ ಗೋಡೆ ಕಾಣುತ್ತದೆ.
ಮೂವತ್ತೊಂದು ವರ್ಷ ನಿಂತೇ ಇದ್ದಾನೆ.
ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ
ಮಂಗಳವಾರವೇ ಮುಟ್ಟಬೇಕಿದ್ದ ಕಾಗದಗಳು
ಮೊಹರು ಬೀಳದೆ, ಕೋಳಿಮರಿಗಳ ಹಾಗೆ ಒತ್ತಿಕೊಂಡಿವೆ.

ನೋವು ಎಲ್ಲಿದೆಯೆಂದು ತಿಳಿದದ್ದು ತಡವಾಗಿ.
ತವರಿಗೆ ಬಂದ ಮಗಳನ್ನು
ಮಂಗಳವಾರ ಕಳಿಸಬಾರದು, ಗೊತ್ತಲ್ಲ.
ಯಾವ ಅಳಿಯನೂ ಎದುರಾಡದ ನೆಪ ಅದು.
ಬೇರೆ ಊರಿನ ತಾಯಂದಿರು
"ನಾಳೆ ಹೇಗೂ ಮಂಗಳವಾರ" ಅಂದುಬಿಡುತ್ತಾರೆ.
ಇಲ್ಲಿ ಸೋಮವಾರ ಮಲಗಿ ಎದ್ದರೆ ಬುಧವಾರ,
ಅಂಗಳದಲ್ಲಿ ಬೈಕು ಗುರ್ರೆನ್ನುತ್ತಿರುತ್ತದೆ.
ಶುಕ್ರವಾರ ಇದೆಯಲ್ಲ, ಎಂದೆ. ಗುತ್ಯಮ್ಮ ನಕ್ಕಳು:
"ಇನ್ನೊಂದು ಕಣ್ಣು ಇದೆಯಲ್ಲ ಅಂದ ಹಾಗಾಯ್ತು."

ಅವಳೇ ಶುರು ಮಾಡಿದ್ದು.
ಅನ್ನಕ್ಕಿಡುವಾಗ ಹಿಡಿ ಅಕ್ಕಿ ತೆಗೆದಿಡುತ್ತಾರಲ್ಲ, ಹಾಗೆ
ನೀರು ಕಾಯುವ ಹೊತ್ತಿನಿಂದ ಒಂದು ಚಿಟಿಕೆ,
ಬಸ್ಸು ತಡವಾದಾಗ ಅರ್ಧ ಪಾವು.
ಬಳೆಯ ಹಲೀಮಾಬಿ ಚೌಕಾಶಿಯಲ್ಲಿ ಉಳಿಸಿದ್ದನ್ನು
ಸೆರಗಿನಲ್ಲಿ ಕಟ್ಟಿ ತಂದಳು.
ಮೇಷ್ಟ್ರು ಪ್ರಾರ್ಥನೆಯಲ್ಲಿ ಒಂದು ಚರಣ ಬಿಟ್ಟರು.
ಎಲ್ಲ ಗುತ್ಯಮ್ಮನ ಹಿತ್ತಾಳೆ ಕೊಳಗಕ್ಕೆ;
ಮುಚ್ಚಿದ ತಟ್ಟೆ ಸರಿಸಿದರೆ ಕಾಯಿಸಿದ ಎಣ್ಣೆಯ ವಾಸನೆ.

ಹನ್ನೊಂದು ತಿಂಗಳಿಗೆ ಕೂಡಿದ್ದು ಅರ್ಧ ಮಂಗಳವಾರ,
ಬೆಳಗಿನಿಂದ ಊಟದ ಹೊತ್ತಿನವರೆಗೆ.
ಯಾರ ಮನೆಗೆ ಎಂದು ಜಗಳವಾಯಿತು, ಎರಡು ಮನೆ ಮಾತು ಬಿಟ್ಟವು.
ಚೀಟಿ ಎತ್ತಿದರು. ಜಲಜಾಕ್ಷಿ:
ಗುತ್ಯಮ್ಮನ ಮಗಳಲ್ಲ,
ಬೇಲಿಯಾಚೆಯ, ಹತ್ತು ವರ್ಷದ ಹಗೆಯ, ಶೇಷಿಯ ಮಗಳು.
ಗುತ್ಯಮ್ಮ ಕೊಳಗ ಹೊತ್ತು ಬೇಲಿ ದಾಟಿದಳು,
ಒಂದು ಮಾತೂ ಆಡದೆ.

ಆ ಬೆಳಿಗ್ಗೆ ಕ್ಯಾಲೆಂಡರಿನ ತೂತಿನಲ್ಲಿ ಬಿಸಿಲು ಕೂತಿತ್ತು.
ಅಳಿಯ ಕೀಲಿ ಜೇಬಿಗಿಟ್ಟು ಚಪ್ಪಲಿ ಬಿಟ್ಟ.
ಜಲಜಾಕ್ಷಿಯ ತಲೆ ತಾಯಿಯ ಮೊಣಕಾಲುಗಳ ನಡುವೆ;
ಹೇನಿರಲಿಲ್ಲ, ಆದರೂ ಶೇಷಿ ಹುಡುಕಿದಳು.
ಮಕ್ಕಳು ಗಣಿತ ಮಾಡಬೇಕಾಯಿತು, ಅತ್ತವು.
ಸೂರಪ್ಪ ಬಾಗಿಲು ಎಳೆದು
ಏನು ಮಾಡಬೇಕೆಂದು ತೋಚದೆ
ತನ್ನದೇ ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತ,
ಕನ್ನಡಿಯೊಳಗಿನವನು ಬಂದು ಕತ್ತರಿ ಹಿಡಿಯಲಿ ಎಂದು.

ನಾನು ಖಾನೆ ಎಳೆದೆ. ಮೊಹರಿನ ಮೇಲೆ ಮೊಹರು.
ಹನ್ನೆರಡೂವರೆಗೆ ಕೈಗೆ ಬಂದದ್ದು
ನನ್ನ ಹೆಸರಿನ ಕಾರ್ಡು, ಅಕ್ಕನ ಅಕ್ಷರ:
"ಮಂಗಳವಾರ ಬಾ. ಇದ್ದು ಹೋಗು."
ನಾಲ್ಕು ವರ್ಷದ ಹಿಂದಿನದು.
ಮೊಹರು ಎತ್ತಿ ಹಿಡಿದಿದ್ದೆ. ಬೀದಿಯಲ್ಲಿ ಬೈಕು ಗುರ್ರೆಂದಿತು.

ಆ ಬುಧವಾರ ಸಂಜೆ, ಚಹಾ ಆರುವಷ್ಟು ಹೊತ್ತನ್ನು
ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ
ಗುತ್ಯಮ್ಮನ ಮನೆಗೆ ಹೋದೆ.
ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡಿದಳು.
"ಇಷ್ಟೇಯಾ?" ಅಂದಳು.